ಶಿಲೆಯ ಪಾಠ ಶಾಲೆಯ ಮೆಟ್ಟಿಲಿನಿಂದ ಶುರುವಾಗಲಿ

ಎಂಟನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದ ಭೂಗೋಳ ಭಾಗದಲ್ಲಿ ‘ಶಿಲಾಗೋಳ’ ಎಂಬ ಪಾಠವಿದೆ. ಭೂಮಿಯ ಒಳರಚನೆ, ಶಿಲೆಗಳು, ಜ್ವಾಲಾಮುಖಿ, ಭೂಕಂಪ, ಶಿಥಿಲೀಕರಣ ಎಲ್ಲವೂ ಅದರೊಳಗೇ ಬರುವುದರಿಂದ ಶಿಲೆಗಳಿಗೆ ಉಳಿಯುವುದು ಒಂದೋ ಎರಡೋ ಪೀರಿಯಡ್. ಅಭ್ಯಾಸ ಬೋಧನೆಯಲ್ಲಿ ಆ ಪೀರಿಯಡ್ ಹೇಗೆ ನಡೆಯುತ್ತದೆ ಎಂಬುದು ನಮ್ಮೆಲ್ಲರಿಗೂ ಗೊತ್ತು. ಕಪ್ಪುಹಲಗೆಯ ಮೇಲೆ ಮೂರು ಕವಲುಗಳ ನಕ್ಷೆ, ಒಂದೊಂದು ಕವಲಿಗೂ ಎರಡೆರಡು ಉದಾಹರಣೆ, ಬೀರುವಿನಲ್ಲಿ ಇದ್ದರೆ ಹತ್ತಿ ಹಾಸಿದ ಮಾದರಿ ಪೆಟ್ಟಿಗೆ, ಕೊನೆಗೆ ‘ಶಿಲೆಗಳ ವಿಧಗಳನ್ನು ಹೆಸರಿಸಿ’ ಎಂಬ ಮೌಲ್ಯಮಾಪನ ಪ್ರಶ್ನೆ. ಮಕ್ಕಳು ಸರಿಯಾಗಿಯೇ ಉತ್ತರಿಸುತ್ತಾರೆ. ಪಾಠದ ಉದ್ದೇಶ ಈಡೇರಿತು ಎಂದು ನಾವು ಬರೆದುಕೊಳ್ಳುತ್ತೇವೆ.

ಅದೇ ಮಕ್ಕಳನ್ನು ಶಾಲೆಯ ಮೆಟ್ಟಿಲ ಮೇಲೆ ನಿಲ್ಲಿಸಿ ‘ಈ ಕಲ್ಲು ಯಾವ ವಿಧದ್ದು? ಹಾಗೆಂದು ಹೇಗೆ ಹೇಳುತ್ತೀರಿ?’ ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಹೆಸರು ಗೊತ್ತಿದೆ, ಕಲ್ಲು ಗೊತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಕಾರಣ ಮಕ್ಕಳಲ್ಲ, ಪಾಠದ ಕ್ರಮ. ಮೂರು ವಿಧಗಳ ವರ್ಗೀಕರಣ ಪಾಠದ ಮೊದಲಲ್ಲಿ ಬರಬಾರದು, ಕೊನೆಯಲ್ಲಿ ಬರಬೇಕು. ಮೊದಲು ಊರಿನ ಕಲ್ಲು, ಅದರ ಬಗ್ಗೆ ಮಕ್ಕಳಿಗೆ ಈಗಾಗಲೇ ತಿಳಿದಿರುವ ಸಂಗತಿ, ಅದರಿಂದ ಹುಟ್ಟುವ ಪ್ರಶ್ನೆ, ಆಮೇಲೆ ಹೆಸರು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಇದು ಏಕೆ ಅಗತ್ಯ, ಹೇಗೆ ಸಾಧ್ಯ ಎಂಬುದನ್ನು ರಾಮನಗರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಇಂಟರ್ನ್‌ಶಿಪ್ ಮಾಡಿದ ಅನುಭವದ ಮೇಲೆ ವಿವರಿಸುತ್ತೇನೆ.

ಇದು ಯಾರ ಪಾಠ?

ಮೊದಲು ಒಂದು ಆಡಳಿತಾತ್ಮಕ ತೊಡಕು. ಶಿಲೆಗಳು ಇರುವುದು ಸಮಾಜ ವಿಜ್ಞಾನದಲ್ಲಿ. ವಿಜ್ಞಾನ ಪುಸ್ತಕದಲ್ಲಿ ಅವು ಲೋಹಗಳ ಪಾಠದ ನಡುವೆ ‘ಅದಿರು’ ಎಂಬ ಹೆಸರಿನಲ್ಲಿ ಇಣುಕಿ ಹೋಗುತ್ತವೆ. ಹಾಗಾಗಿ ಬಿ.ಎಸ್ಸಿ. ಮುಗಿಸಿ ಬಂದ ನಮ್ಮಂಥವರು ಇದು ನಮ್ಮ ಪಾಠವಲ್ಲ ಎಂದುಕೊಳ್ಳುತ್ತೇವೆ. ಸಮಾಜ ವಿಜ್ಞಾನ ಬೋಧಿಸುವ ಸಹಪಾಠಿಗಳಲ್ಲಿ ಬಹಳ ಮಂದಿ ಇತಿಹಾಸ, ರಾಜ್ಯಶಾಸ್ತ್ರ ಓದಿ ಬಂದವರು. ಖನಿಜ, ಸ್ಫಟಿಕ, ಆಮ್ಲದ ಪರೀಕ್ಷೆ ಎಂದರೆ ಅವರಿಗೆ ಅಳುಕು. ಎರಡು ಬೋಧನಾ ಪದ್ಧತಿಗಳ ನಡುವೆ ಕಲ್ಲು ಬಿದ್ದುಹೋಗಿದೆ.

ನಿಜಕ್ಕೂ ಈ ಪಾಠಕ್ಕೆ ಇಬ್ಬರೂ ಬೇಕು. ಕಲ್ಲು ಹೇಗೆ ಹರಳುಗಟ್ಟಿತು ಎಂಬುದು ರಸಾಯನ ವಿಜ್ಞಾನ. ಅದರ ಮೇಲೆ ಕೋಟೆ ಏಕೆ ಕಟ್ಟಿದರು, ಕ್ವಾರಿ ಏಕೆ ಬಂತು, ಕೆರೆ ಎಲ್ಲಿ ನಿಂತಿತು ಎಂಬುದು ಸಮಾಜ ವಿಜ್ಞಾನ. ನಾನು ಮತ್ತು ಸಮಾಜ ವಿಜ್ಞಾನದ ಒಬ್ಬ ಸಹ ಪ್ರಶಿಕ್ಷಣಾರ್ಥಿ ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು ಮೂರು ಪೀರಿಯಡ್‌ಗಳನ್ನು ಒಟ್ಟಿಗೆ ಯೋಜಿಸಿದೆವು. ಎರಡು ಸಮಾಜ ವಿಜ್ಞಾನದ್ದು, ಒಂದು ವಿಜ್ಞಾನದ್ದು. ಹೆಚ್ಚುವರಿ ಸಮಯ ಯಾರಿಂದಲೂ ಕೇಳಲಿಲ್ಲ.

ಒಂದು ಕಲ್ಲಿನಿಂದ ಮೂರು ವಿಧಗಳವರೆಗೆ

ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನದಲ್ಲಿ ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಹೆಸರು. ಬ್ರಿಟಿಷರ ಕಾಲದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರ ಹೆಸರಿನಿಂದ ಈ ಊರು ಕ್ಲೋಸ್‌ಪೇಟೆ ಎನಿಸಿತ್ತು. ಊರಿನ ಹೆಸರು ಬದಲಾದರೂ ಕಲ್ಲಿನ ಹೆಸರು ಉಳಿದುಕೊಂಡಿದೆ. ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕಿರಿದಾದ ಪಟ್ಟಿಯಂತೆ ಹಬ್ಬಿರುವ ಈ ಶಿಲೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಮಾಗಡಿಯ ಸಾವನದುರ್ಗವೂ ಇದೇ ಕಲ್ಲು. ‘ಶೋಲೆ’ ಚಿತ್ರದಲ್ಲಿ ಕಾಣುವ ಬಂಡೆಗಳೂ ಇವೇ. ದೇಶವಿದೇಶದ ಭೂವಿಜ್ಞಾನಿಗಳು ಓದುವ ಪುಸ್ತಕಗಳಲ್ಲಿ ತಮ್ಮ ಊರಿನ ಹೆಸರಿದೆ ಎಂಬ ಸಂಗತಿ ಅಲ್ಲಿನ ಮಕ್ಕಳಿಗೆ ಹೊಸದಾಗಿತ್ತು.

ಮೊದಲ ದಿನ ನಾವು ಯಾವ ಹೆಸರನ್ನೂ ಹೇಳಲಿಲ್ಲ. ಮನೆಯಿಂದ ಬರುವ ದಾರಿಯಲ್ಲಿ ಸಿಕ್ಕ ಮುಷ್ಟಿಗಾತ್ರದ ಒಂದೊಂದು ಕಲ್ಲು ತರಲು ಹೇಳಿದ್ದೆವು. ಜಲ್ಲಿ, ಸೈಜುಗಲ್ಲಿನ ಚೂರು, ಒಡೆದ ಚಪ್ಪಡಿ, ಸವೆದ ಒರಳಿನ ತುಂಡು ಎಲ್ಲವೂ ಬಂದವು. ಗುಂಪಿಗೊಂದು ಕೈಮಸೂರ ಕೊಟ್ಟು, ಒದ್ದೆ ಮಾಡಿದ ಕಲ್ಲಿನಲ್ಲಿ ಎಷ್ಟು ಬಗೆಯ ಕಣ ಕಾಣುತ್ತದೆ ಎಂದು ಎಣಿಸಲು ಹೇಳಿದೆವು. ಮೂರು ಬಗೆ ಎಂದು ಅವರೇ ಕಂಡುಕೊಂಡರು. ಗಾಜಿನ ಚೂರಿನಂತೆ ಇರುವುದು, ಚಪ್ಪಟೆ ಮುಖ ಹೊಳೆಯುವ ಗುಲಾಬಿ ಅಥವಾ ಬಿಳಿಯದು, ಕಪ್ಪಗೆ ಪದರು ಪದರಾಗಿ ಮಿನುಗುವುದು. ಮೊದಲನೆಯದಕ್ಕೆ ‘ಬೆಣಚುಕಲ್ಲು’, ಮೂರನೆಯದಕ್ಕೆ ‘ಕಾಗೆಬಂಗಾರ’ ಎಂಬ ಮಾತುಗಳು ತರಗತಿಯಿಂದಲೇ ಬಂದವು. ಕ್ವಾರ್ಟ್ಸ್, ಅಭ್ರಕ ಎಂಬ ಪಾರಿಭಾಷಿಕ ಪದಗಳನ್ನು ಅವುಗಳ ಪಕ್ಕದಲ್ಲಿ ಬರೆದೆವು. ಫೆಲ್ಡ್‌ಸ್ಪಾರ್ ಒಂದನ್ನು ಮಾತ್ರ ಹೊಸದಾಗಿ ಕಲಿಸಬೇಕಾಯಿತು. ಕಬ್ಬಿಣದ ಮೊಳೆಯಿಂದ ಕೆರೆದಾಗ ಬೆಣಚುಕಲ್ಲಿಗೆ ಗೀರು ಬೀಳದೆ ಮೊಳೆಯೇ ಸವೆದು ಕಲ್ಲಿನ ಮೇಲೆ ಬೂದು ಗೆರೆ ಉಳಿಯುವುದನ್ನು ನೋಡಿ, ಯಾವುದು ಗಟ್ಟಿ ಎಂಬುದನ್ನೂ ಅವರೇ ತೀರ್ಮಾನಿಸಿದರು.

ಎರಡನೆಯ ಪ್ರಶ್ನೆ: ಕಣಗಳು ಇಷ್ಟು ದಪ್ಪ ಏಕೆ? ಇಲ್ಲಿ ವಿಜ್ಞಾನದ ಪೀರಿಯಡ್ ಕೆಲಸಕ್ಕೆ ಬಂತು. ಬಿಸಿನೀರಿನಲ್ಲಿ ಪಟಿಕವನ್ನು ಕರಗುವಷ್ಟೂ ಕರಗಿಸಿ, ಒಂದು ಲೋಟವನ್ನು ತಣ್ಣೀರಿನ ಬಟ್ಟಲಲ್ಲಿಟ್ಟು ಬೇಗ ಆರಿಸಿದೆವು. ಇನ್ನೊಂದನ್ನು ಬಟ್ಟೆ ಸುತ್ತಿ ಮರುದಿನದವರೆಗೆ ಅಲುಗಿಸದೆ ಬಿಟ್ಟೆವು. ಬೇಗ ಆರಿದ್ದರಲ್ಲಿ ಸಣ್ಣ ಹರಳು, ನಿಧಾನವಾಗಿ ಆರಿದ್ದರಲ್ಲಿ ದೊಡ್ಡ ಹರಳು. ಗ್ರಾನೈಟ್ ನೆಲದಾಳದಲ್ಲಿ ಬಹಳ ನಿಧಾನವಾಗಿ ತಣಿದ ಶಿಲೆ ಎಂಬುದನ್ನು ಇದಾದ ಮೇಲೆ ಹೇಳಿದರೆ ಅದು ನಂಬಬೇಕಾದ ಮಾತಾಗಿ ಉಳಿಯುವುದಿಲ್ಲ. ಇದರ ಪಕ್ಕದಲ್ಲಿ ಕನಕಪುರದ ಕಡೆಯ ಕರಿಕಲ್ಲನ್ನು ಇಟ್ಟೆವು. ಅಂಗಡಿಯಲ್ಲಿ ಅದಕ್ಕೆ ‘ಬ್ಲ್ಯಾಕ್ ಗ್ರಾನೈಟ್’ ಎನ್ನುತ್ತಾರೆ. ಭೂವಿಜ್ಞಾನದ ಲೆಕ್ಕದಲ್ಲಿ ಅದು ಗ್ರಾನೈಟ್ ಅಲ್ಲ, ಡಾಲರೈಟ್. ಹಳೆಯ ಶಿಲೆಯ ಬಿರುಕುಗಳಿಗೆ ನುಗ್ಗಿದ ಶಿಲಾರಸ ಬೇಗ ತಣಿದು ಆದದ್ದು. ಕಣಗಳು ಸಣ್ಣವಿರುವುದು ಏಕೆ ಎಂದು ಮಕ್ಕಳೇ ಊಹಿಸಿದರು. ಅಗ್ನಿಶಿಲೆ ಎಂಬ ಪದವನ್ನು ಬರೆದದ್ದು ಆಗ.

ಮೂರನೆಯ ಪ್ರಶ್ನೆ: ಈ ಬೆಟ್ಟ ಸವೆದು ಎಲ್ಲಿಗೆ ಹೋಗುತ್ತದೆ? ಫೆಲ್ಡ್‌ಸ್ಪಾರ್ ಮಳೆನೀರಿನಲ್ಲಿ ಕ್ರಮೇಣ ಜೇಡಿಯಾಗುತ್ತದೆ, ಕೆರೆಯಂಗಳ ಸೇರುತ್ತದೆ. ಬೆಣಚುಕಲ್ಲು ಸುಲಭಕ್ಕೆ ಕರಗದು, ಮರಳಾಗಿ ಹೊಳೆ ಸೇರುತ್ತದೆ. ಅರ್ಕಾವತಿಯ ಮರಳನ್ನೂ ಎಂ-ಸ್ಯಾಂಡನ್ನೂ ಕೈಮಸೂರದಡಿ ನೋಡಿಸಿದೆವು. ಹೊಳೆಯ ಮರಳಿನ ಮೂಲೆಗಳು ಸವೆದಿವೆ, ಕ್ರಷರ್‌ನಿಂದ ಬಂದದ್ದು ಚೂಪಾಗಿದೆ. ನೀರು ಉರುಳಿಸಿಕೊಂಡು ಬಂದದ್ದು ಯಾವುದು ಎಂದು ಹೇಳಿಕೊಡಬೇಕಾಗಲಿಲ್ಲ. ಈ ಮರಳು ಎಲ್ಲೋ ಪದರಾಗಿ ಕೂತು, ಹೂತು, ಗಟ್ಟಿಯಾದರೆ? ಆಗ ಬಾದಾಮಿಯ ಮರಳುಗಲ್ಲಿನ ಚಿತ್ರ ತೋರಿಸಿದೆವು. ಪದರುಶಿಲೆ ಎಂಬ ಹೆಸರು ಅಲ್ಲಿ ಬಂತು. ಕೊನೆಗೆ, ಇರುವ ಶಿಲೆಯೇ ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬದಲಾದರೆ ಹೇಗಿರುತ್ತದೆ ಎಂದು ಕೇಳಿ, ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಚಿತ್ರ ತೋರಿಸಿದೆವು. ಅದರಲ್ಲಿ ಬಿಳಿ, ಬೂದು ಪಟ್ಟೆಗಳು ಕಾಣುವ ನೈಸ್ ಶಿಲೆ ರೂಪಾಂತರ ಶಿಲೆಗೆ ಉದಾಹರಣೆ. ಪಠ್ಯಪುಸ್ತಕದ ಮೂರು ಕವಲುಗಳ ನಕ್ಷೆಯನ್ನು ಮೂರನೆಯ ಪೀರಿಯಡ್‌ನ ಕೊನೆಯಲ್ಲಿ ಮಕ್ಕಳೇ ಬಿಡಿಸಿದರು.

ಈ ನಡುವೆ ಆದ ಒಂದು ಸಂಗತಿ ನನಗೆ ಮುಖ್ಯವೆನಿಸಿತು. ಬೇರೆ ವಿಷಯಗಳಲ್ಲಿ ಬಾಯಿ ಬಿಡದ ಒಬ್ಬ ಹುಡುಗ, ನಾವು ತಂದಿದ್ದ ಸೈಜುಗಲ್ಲನ್ನು ತಿರುಗಿಸಿ ನೋಡಿ, ‘ಮಿಸ್, ಇದು ಹಿಂಗೆ ಹೊಡುದ್ರೆ ಸೀಳಲ್ಲ, ಈ ಕಡೆಯಿಂದ ಹೊಡೀಬೇಕು’ ಎಂದ. ಅವನ ತಂದೆ ಕಲ್ಲುಕೆಲಸದವರು. ಗ್ರಾನೈಟ್ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಸೀಳುವುದಿಲ್ಲ. ಹರಳುಗಳ ಜೋಡಣೆ, ಸೂಕ್ಷ್ಮ ಬಿರುಕುಗಳ ದಿಕ್ಕು ಅದನ್ನು ನಿರ್ಧರಿಸುತ್ತವೆ. ಇದನ್ನು ಕಲ್ಲುಕುಟಿಗರು ಕೈಯಿಂದ ಬಲ್ಲರು. ಪೂರ್ವಜ್ಞಾನ ಪರೀಕ್ಷೆ ಎಂದು ನಾವು ಪಾಠಯೋಜನೆಯಲ್ಲಿ ಬರೆಯುವ ಅಂಕಣದಲ್ಲಿ ಇಂಥ ಜ್ಞಾನಕ್ಕೆ ಜಾಗವಿದೆಯೇ? ಹಿಂದಿನ ತರಗತಿಯ ಪುಸ್ತಕದಲ್ಲಿ ಏನಿತ್ತು ಎಂಬುದನ್ನಷ್ಟೇ ನಾವು ಪೂರ್ವಜ್ಞಾನ ಎನ್ನುತ್ತೇವೆ. ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳುತ್ತದೆ. ಅದನ್ನು ಪರೀಕ್ಷೆಗೆ ನಾವೆಲ್ಲ ಬರೆದಿದ್ದೇವೆ. ಕ್ವಾರಿಯಲ್ಲಿ ದುಡಿಯುವ ಮನೆಗಳ ಮಕ್ಕಳ ಮುಂದೆ ಕಲ್ಲಿನ ಪಾಠ ಮಾಡುವಾಗಲೂ ಆ ಜೋಡಣೆ ಆಗದಿದ್ದರೆ ಇನ್ನೆಲ್ಲಿ ಆಗಬೇಕು?

ಕೋಟಿ ವರ್ಷಗಳನ್ನು ಹಗ್ಗದಲ್ಲಿ ಅಳೆಯುವುದು

ಶಿಲೆಗಳ ಪಾಠದಲ್ಲಿ ಅತ್ಯಂತ ಕಷ್ಟದ ಸಂಗತಿ ಕಾಲ. 250 ಕೋಟಿ ವರ್ಷ ಎಂದರೆ ಮಗುವಿಗೆ ಅದೊಂದು ದೊಡ್ಡ ಸಂಖ್ಯೆ, ಅಷ್ಟೆ. 46 ಮೀಟರ್ ಹಗ್ಗವೊಂದಿದ್ದರೆ ಇದನ್ನು ಆಟದ ಮೈದಾನದಲ್ಲಿ ತೋರಿಸಬಹುದು. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. ಆದ್ದರಿಂದ ಒಂದು ಮೀಟರ್ ಅಂದರೆ 10 ಕೋಟಿ ವರ್ಷ. ‘ಇಂದು’ ಎಂಬ ತುದಿಯಲ್ಲಿ ಒಬ್ಬರು ನಿಲ್ಲಲಿ. ಅಲ್ಲಿಂದ 30 ಮೀಟರ್ ದೂರದಲ್ಲಿ ಲಾಲ್‌ಬಾಗ್ ಬಂಡೆ, 25 ಮೀಟರ್ ದೂರದಲ್ಲಿ ರಾಮನಗರದ ಗ್ರಾನೈಟ್. ಬೆಳಗಾವಿ, ವಿಜಯಪುರದ ಕಡೆಯ ಕಪ್ಪುಶಿಲೆಯನ್ನು ಹಾಸಿದ ಲಾವಾ ಹರಿದದ್ದು 66 ಸೆಂಟಿಮೀಟರ್ ದೂರದಲ್ಲಿ. ನಮ್ಮ ಮನುಷ್ಯ ಜಾತಿ ಹುಟ್ಟಿದ್ದು ಕೊನೆಯ 3 ಮಿಲಿಮೀಟರ್‌ನಲ್ಲಿ. ಕೆಂಪೇಗೌಡರ ಕಾಲದಿಂದ ಇಂದಿನವರೆಗಿನ ಅವಧಿ ಒಂದು ಮಿಲಿಮೀಟರ್‌ನ ಇನ್ನೂರನೇ ಒಂದು ಭಾಗ. ಇದರಲ್ಲಿ ಗಣಿತವೂ ಇದೆ, ಇತಿಹಾಸವೂ ಇದೆ. ಖರ್ಚು ಒಂದು ಹಗ್ಗದ್ದು ಮಾತ್ರ.

ವರ್ಷಗಳ ಲೆಕ್ಕ ಇಲ್ಲದೆಯೂ ವಯಸ್ಸಿನ ತರ್ಕ ಕಲಿಸಬಹುದು. ಗ್ರಾನೈಟಿನ ಒಳಗೆ ಕೆಲವೆಡೆ ಬೇರೆ ಬಣ್ಣದ ಹಳೆಯ ಶಿಲೆಯ ತುಂಡು ಸಿಕ್ಕಿಕೊಂಡಿರುತ್ತದೆ. ಕೆಲವು ಚಪ್ಪಡಿಗಳಲ್ಲಿ ಬಿಳಿ ಎಳೆಯೊಂದು ಅಡ್ಡ ಹಾಯ್ದಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ? ಒಳಗೆ ಸಿಕ್ಕಿಕೊಂಡದ್ದು ಮೊದಲೇ ಇದ್ದಿರಬೇಕು, ಅಡ್ಡ ಹಾಯ್ದದ್ದು ಆಮೇಲೆ ಬಂದಿರಬೇಕು. ಭೂವಿಜ್ಞಾನಿಗಳು ಬಳಸುವುದೂ ಇದೇ ತರ್ಕವನ್ನು.

ಪ್ರತಿ ಜಿಲ್ಲೆಗೂ ತನ್ನದೇ ಕಲ್ಲು

ಗ್ರಾನೈಟ್ ಇಲ್ಲದ ಊರಿನಲ್ಲಿ ಏನು ಮಾಡುವುದು ಎಂದು ಕೇಳಬಹುದು. ಅಲ್ಲಿನ ಕಲ್ಲಿನಿಂದ ಶುರು ಮಾಡುವುದು. ಕಲ್ಲಿನ ವಿಷಯದಲ್ಲಿ ಕರ್ನಾಟಕದಷ್ಟು ಅನುಕೂಲ ಇರುವ ರಾಜ್ಯಗಳು ಕಡಿಮೆ. ಮೈಸೂರು ಸಂಸ್ಥಾನ 1894ರಲ್ಲೇ ಭೂವಿಜ್ಞಾನ ಇಲಾಖೆ ತೆರೆದಿತ್ತು. ನಮ್ಮ ನೆಲದ ಹಳೆಯ ಶಿಲಾಸ್ತೋಮವನ್ನು ಜಗತ್ತು ಧಾರವಾಡದ ಹೆಸರಿನಿಂದ ಗುರುತಿಸುತ್ತದೆ. ದೇಶದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ನಾಲ್ಕು ಇಲ್ಲಿವೆ: ಲಾಲ್‌ಬಾಗ್‌ನ ನೈಸ್, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳು, ಮಲ್ಪೆಯಾಚೆ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು. ಲಾವಾ ನೀರಿನಡಿಯಲ್ಲಿ ಹೊರಬಂದಾಗ ದಿಂಬಿನ ಆಕಾರ ತಾಳುತ್ತದೆ. ಈಗ ಒಣಭೂಮಿಯಾಗಿರುವ ಚಿತ್ರದುರ್ಗದ ಆ ಜಾಗ ಒಂದು ಕಾಲಕ್ಕೆ ನೀರಿನಡಿ ಇತ್ತು ಎಂಬುದಕ್ಕೆ ಅಲ್ಲಿನ ಮಗುವಿಗೆ ಇದಕ್ಕಿಂತ ಸಾಕ್ಷಿ ಬೇಕೆ?

ದಕ್ಷಿಣ ಕನ್ನಡದ ಮಗುವಿಗೆ ಮನೆಯ ಗೋಡೆಯ ಕೆಂಪು ಮುರಕಲ್ಲು ಇದೆ. ಮಳೆ, ಬಿಸಿಲುಗಳಿಗೆ ಮೂಲಶಿಲೆ ಕೊಳೆತು, ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ, ಅಲ್ಯುಮಿನಿಯಂ ಉಳಿದು ಆದ ಕಲ್ಲು ಅದು. ಶಿಥಿಲೀಕರಣದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಕಲಬುರಗಿಯ ಮಗು ಕೂರುವ ನೆಲದ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಪುಡಿಗೆ ನಿಂಬೆರಸ ಹಿಂಡಿದರೆ ಸಣ್ಣಗೆ ಗುಳ್ಳೆ ಏಳುತ್ತದೆ. ಗ್ರಾನೈಟಿನ ಪುಡಿಯಲ್ಲಿ ಏಳುವುದಿಲ್ಲ. ಸಿಮೆಂಟ್ ಅಂಟಿದ ತುಂಡಾದರೆ ಯಾವ ಕಲ್ಲಾದರೂ ಗುಳ್ಳೆ ಬರಬಹುದು, ಹಾಗಾಗಿ ಶುಚಿಯಾದ ತುಂಡನ್ನೇ ಆರಿಸಬೇಕು. ಹಾಸನದ ಮಗುವಿಗೆ ಬಳಪದ ಕಲ್ಲು ಇದೆ. ಉಗುರಿನಿಂದ ಗೀರಬಹುದಾದಷ್ಟು ಮೆದುವಾದ ಖನಿಜ ಅದರಲ್ಲಿ ಇರುವುದರಿಂದಲೇ ಬೇಲೂರು, ಹಳೇಬೀಡುಗಳ ಶಿಲ್ಪಿಗಳಿಗೆ ಅಷ್ಟು ಸೂಕ್ಷ್ಮವಾಗಿ ಕಡೆಯಲು ಸಾಧ್ಯವಾಯಿತು. ಗ್ರಾನೈಟಿನ ಹಂಪಿಯಲ್ಲಿ ಶಿಲ್ಪದ ರೀತಿ ಬೇರೆಯಾಗಲು ಕಲ್ಲೂ ಒಂದು ಕಾರಣ.

ಕಲ್ಲು ಮತ್ತು ನೀರು

ಈ ಪಾಠವನ್ನು ಚೆನ್ನಾಗಿ ಮಾಡಬೇಕು ಎನ್ನಲು ಅಂಕಗಳಿಗಿಂತ ದೊಡ್ಡ ಕಾರಣವಿದೆ. ನಮ್ಮ ಬಯಲುಸೀಮೆಯ ಮನೆಗಳು ಸಾಲ ಮಾಡಿ ಬೋರ್ ಕೊರೆಸುತ್ತವೆ. ಒಬ್ಬರ ಹೊಲದಲ್ಲಿ ನೀರು ಬರುತ್ತದೆ, ಪಕ್ಕದವರ ಹೊಲದಲ್ಲಿ ಬರೀ ದೂಳು ಏಳುತ್ತದೆ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವವರನ್ನು ಮಕ್ಕಳು ಕಂಡಿದ್ದಾರೆ. ಗ್ರಾನೈಟ್, ನೈಸ್‌ಗಳಲ್ಲಿ ನೀರು ನಿಲ್ಲಲು ಕಲ್ಲಿನ ಒಳಗೆ ಜಾಗವಿಲ್ಲ. ಮೇಲಿನ ಕೊಳೆತ ಪದರದಲ್ಲಿ ಮತ್ತು ಕೆಳಗಿನ ಬಿರುಕುಗಳಲ್ಲಿ ಮಾತ್ರ ನೀರು ಇರುತ್ತದೆ. ಬಿರುಕು ಸಿಕ್ಕಿದರೆ ನೀರು, ಸಿಗದಿದ್ದರೆ ಇಲ್ಲ. ನೆಲದಡಿ ಹೊಳೆ ಹರಿಯುತ್ತಿದೆ ಎಂಬ ಕಲ್ಪನೆ ಇಲ್ಲಿಗೆ ಹೊಂದುವುದಿಲ್ಲ.

ಇದನ್ನು ಹೇಳಲು ಹೊಸ ಪಾಠ ಬೇಕಿಲ್ಲ. ಬೋರ್ ಲಾರಿ ಬಂದಾಗ ಮೊದಲು ಕೆಂಪು ಮಣ್ಣು, ಆಮೇಲೆ ಸಡಿಲ ಕಲ್ಲು, ಕೊನೆಗೆ ಬೂದು ಪುಡಿ ಬರುವುದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಆ ಕ್ರಮವನ್ನು ಅವರ ಬಾಯಲ್ಲೇ ಹೇಳಿಸಿ ಹಲಗೆಯ ಮೇಲೆ ಬರೆದರೆ ಊರಿನ ನೆಲದ ಅಡ್ಡಕೊಯ್ತದ ಚಿತ್ರ ಸಿದ್ಧ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಿಗೆ ನೀರು ಹೇಗೆ ಬರುತ್ತದೆ, ಆಳಕ್ಕೆ ಹೋದಷ್ಟೂ ನೀರು ಸಿಕ್ಕೇ ಸಿಗುತ್ತದೆ ಎನ್ನಲು ಏಕೆ ಆಗದು ಎಂಬುದನ್ನು ಅದೇ ಚಿತ್ರದಲ್ಲಿ ತೋರಿಸಬಹುದು. ನಾಳೆ ಈ ಮಕ್ಕಳೇ ಬೋರ್ ಕೊರೆಸುವ ತೀರ್ಮಾನ ತೆಗೆದುಕೊಳ್ಳುವವರು.

ಕೆಲವು ಆಕ್ಷೇಪಗಳು

ಸಮಯ ಸಾಲದು ಎಂಬುದು ಮೊದಲ ಆಕ್ಷೇಪ. ಎರಡು ವಿಷಯಗಳ ಪೀರಿಯಡ್‌ಗಳನ್ನು ಕೂಡಿಸಿದರೆ ಸಾಲುತ್ತದೆ ಎಂಬುದು ನಮ್ಮ ಅನುಭವ. ಹೊರಸಂಚಾರಕ್ಕೆ ಅನುಮತಿ, ಬಸ್ಸು ಎಲ್ಲಿಂದ ಎಂಬುದು ಎರಡನೆಯದು. ಬಸ್ಸೇ ಬೇಡ, ಮೆಟ್ಟಿಲು, ಕಾಂಪೌಂಡ್, ಒರಳು, ಜಲ್ಲಿರಾಶಿ ಸಾಕು. ಕ್ವಾರಿಯೊಳಕ್ಕಂತೂ ಮಕ್ಕಳನ್ನು ಕರೆದೊಯ್ಯಲೇಬಾರದು, ತರಗತಿಯಲ್ಲಿ ಸುತ್ತಿಗೆಯಿಂದ ಕಲ್ಲು ಒಡೆಸಬಾರದು. ಒಡೆದ ತುಂಡುಗಳು ಎಲ್ಲ ಕಡೆ ಸಿಗುತ್ತವೆ.

ಮೂರನೆಯ ಆಕ್ಷೇಪ ಗಟ್ಟಿಯಾದದ್ದು: ಊರಿನ ಕಲ್ಲಿಗೇ ಅಂಟಿಕೊಂಡರೆ ಮಗು ಊರಿನಾಚೆಯದನ್ನು ಕಲಿಯುವುದು ಯಾವಾಗ? ರಾಮನಗರದಲ್ಲಿ ಮರಳುಗಲ್ಲು ಸಿಗುವುದಿಲ್ಲ, ಬಾದಾಮಿಯನ್ನು ನಾವು ಚಿತ್ರದಲ್ಲೇ ತೋರಿಸಬೇಕಾಯಿತು ಎಂಬುದು ನಿಜ. ಆದರೆ ಊರಿನ ಕಲ್ಲು ಪಾಠದ ಆರಂಭ ಮಾತ್ರ. ತನ್ನ ಕೈಯ ಕಲ್ಲನ್ನು ಓದಲು ಕಲಿತ ಮಗು ದೂರದ ಕಲ್ಲಿನ ಚಿತ್ರವನ್ನೂ ಬೇರೆ ರೀತಿ ನೋಡುತ್ತದೆ. ‘ಇದರಲ್ಲಿ ಕಣ ಎಷ್ಟು ದಪ್ಪ ಇದೆ ಮಿಸ್?’ ಎಂದು ಬಾದಾಮಿಯ ಚಿತ್ರ ನೋಡಿ ಒಬ್ಬಳು ಕೇಳಿದಳು. ಮಾದರಿ ಪೆಟ್ಟಿಗೆ ತೋರಿಸಿ ಶುರು ಮಾಡಿದ್ದರೆ ಆ ಪ್ರಶ್ನೆ ಬರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ನಮ್ಮ ಕಾಲೇಜಿನಲ್ಲಿ ಮಾಡಬಹುದಾದದ್ದು

ಮೂರು ಸಲಹೆಗಳಿವೆ. ಒಂದು, ಪ್ರಶಿಕ್ಷಣಾರ್ಥಿಗಳು ರಜೆಗೆ ಊರಿಗೆ ಹೋಗಿ ಬರುವಾಗ ಒಂದೊಂದು ಕಲ್ಲಿನ ತುಂಡು ತರಲಿ. ಸ್ಥಳ, ಅಲ್ಲಿನ ಜನ ಅದನ್ನು ಕರೆಯುವ ಹೆಸರು, ಯಾವುದಕ್ಕೆ ಬಳಸುತ್ತಾರೆ ಎಂಬ ಮೂರು ಸಾಲಿನ ಚೀಟಿ ಜೊತೆಗಿರಲಿ. ನಮ್ಮಲ್ಲೇ ಬಾಗಲಕೋಟೆಯವರಿದ್ದಾರೆ, ಕಲಬುರಗಿಯವರಿದ್ದಾರೆ, ಮಂಗಳೂರಿನವರಿದ್ದಾರೆ. ವರ್ಷದೊಳಗೆ ಅಂಗಡಿಯ ಪೆಟ್ಟಿಗೆಗಿಂತ ಒಳ್ಳೆಯ ಸಂಗ್ರಹ ಆಗುತ್ತದೆ, ಇಂಟರ್ನ್‌ಶಿಪ್‌ಗೆ ಎರವಲು ಕೊಡಬಹುದು. ಮನೆ ಕಟ್ಟುವ ಜಾಗದ, ರಸ್ತೆ ಬದಿಯ ತುಂಡುಗಳೇ ಸಾಕು. ಸ್ಮಾರಕಗಳಿಂದ, ಸಂರಕ್ಷಿತ ಸ್ಥಳಗಳಿಂದ ಒಂದು ಚೂರನ್ನೂ ತರಬಾರದು.

ಎರಡು, ವಿಜ್ಞಾನ ಮತ್ತು ಸಮಾಜ ವಿಜ್ಞಾನ ಪದ್ಧತಿಗಳ ಪ್ರಶಿಕ್ಷಣಾರ್ಥಿಗಳು ಜೊತೆಯಾಗಿ ಯೋಜಿಸಿ ಬೋಧಿಸುವ ಒಂದು ಪಾಠವನ್ನಾದರೂ ಅಭ್ಯಾಸ ಬೋಧನೆಯ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಈಗ ಅಂಥ ಪಾಠ ಯಾರ ದಾಖಲೆ ಪುಸ್ತಕಕ್ಕೆ ಸೇರಬೇಕೆಂಬುದೇ ಗೊಂದಲ.

ಮೂರನೆಯದು ನಮ್ಮ ಉಪನ್ಯಾಸಕರಲ್ಲಿ ವಿನಂತಿ. ನೀವು ಹಿಂದಿನ ಬೆಂಚಿನಲ್ಲಿ ಕುಳಿತು ತುಂಬುವ ವೀಕ್ಷಣಾ ಪಟ್ಟಿಯಲ್ಲಿ ಬೋಧನೋಪಕರಣಕ್ಕೆ ಅಂಕವಿದೆ, ಕಪ್ಪುಹಲಗೆಯ ಬಳಕೆಗೆ ಅಂಕವಿದೆ. ‘ಮಕ್ಕಳ ಸ್ಥಳೀಯ ಅನುಭವವನ್ನು ಪಾಠಕ್ಕೆ ಬಳಸಿದ್ದಾರೆಯೇ’ ಎಂಬ ಒಂದು ಸಾಲನ್ನು ಅದಕ್ಕೆ ಸೇರಿಸಿ. ಪಟ್ಟಿಯಲ್ಲಿ ಏನಿದೆಯೋ ಅದಕ್ಕೆ ನಾವು ತಯಾರಾಗಿ ಬರುತ್ತೇವೆ. ಮುಂದಿನ ತಂಡ ಶಾಲೆಗಳಿಗೆ ಹೊರಡುವ ಮೊದಲು ಆ ಸಾಲು ಸೇರಿದರೆ, ಬರುವ ವರ್ಷದ ಶಿಲಾಗೋಳ ಪಾಠಗಳನ್ನು ಈ ವರ್ಷದವುಗಳ ಪಕ್ಕದಲ್ಲಿಟ್ಟು ಫಲ ಏನಾಯಿತೆಂದು ಇದೇ ಪತ್ರಿಕೆಯಲ್ಲಿ ಚರ್ಚಿಸಬಹುದು.